ತರಬೇತುದಾರರ ಹೆಸರು

ಪ್ರವೇಶ ಪತ್ರದ ಐದನೆಯ ಸಾಲಿನಲ್ಲಿ ತರಬೇತುದಾರರ ಹೆಸರನ್ನು ಕೇಳಿದ್ದರು. ಹೆಸರು, ಊರು, ವಯಸ್ಸು, ಉದ್ಯೋಗ ಇವಿಷ್ಟನ್ನೂ ಅಚ್ಚುಕಟ್ಟಾಗಿ ತುಂಬಿದ ನಾನು ಆ ಸಾಲಿಗೆ ಬಂದಾಗ ಪೆನ್ನು ನಿಲ್ಲಿಸಿದೆ. ಕುಮಟಾದ ಕಾಲೇಜೊಂದರಲ್ಲಿ ನಾನು ಅತಿಥಿ ಉಪನ್ಯಾಸಕಿ. ಅಂದು ಅಧ್ಯಾಪಕರ ಕೊಠಡಿಯಲ್ಲಿ ನಾಲ್ಕೈದು ಜನರಿದ್ದರು. ಗಣಿತದ ಸಹೋದ್ಯೋಗಿಯೊಬ್ಬರು ನನ್ನ ಮೇಜಿನ ಎದುರೇ ನಿಂತಿದ್ದರು. ಹವ್ಯಾಸಿಗಳ ಚದುರಂಗ ಪಂದ್ಯಾವಳಿಯನ್ನು ನಡೆಸುತ್ತಿದ್ದ ಸಮಿತಿಯಲ್ಲಿ ಅವರೂ ಇದ್ದರು.

"ಬೇಗ ತುಂಬಿ ಕೊಡಿ ಮೇಡಂ. ಹಳ್ಳಿ ಕಡೆಯೋರೂ ಕೆಲವರು ಬರ್ತಾರಂತೆ. ಇನ್ನೂ ರಾಜನ್ನ ಕುದುರೆ ಹಾಂಗೆ ಹಾರಿಸೋರು. ಅಂಥೋರು ಎದುರು ಸಿಕ್ಕಿದ್ರೆ ನಿಮ್ಗೆ ಒಂದು ಪಾಯಿಂಟು ಪುಕ್ಕಟೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕಾದ ಮೇಲೆ ಐದನೆಯ ಸಾಲಿನಲ್ಲಿ 'ಸ್ವಂತ ಅಭ್ಯಾಸ' ಎಂದು ಬರೆದು ಪತ್ರವನ್ನು ಅವರ ಕೈಗಿತ್ತೆ.

ರಾಜನನ್ನು ಕುದುರೆಯಂತೆ ಹಾರಿಸುವುದನ್ನು ನನಗೆ ಕಲಿಸಿದವರು ನನ್ನ ಅಪ್ಪ.

ಅಪ್ಪ ಚಿರೇಕಲ್ಲಿನ ಗೋಡೆ ಕಟ್ಟುವವರು. ನಮ್ಮ ಮನೆ ಕಾಯ್ಕಿಣಿಯಲ್ಲಿ. ಅವರ ಕೆಲಸ ಹೆಚ್ಚಾಗಿ ಭಟ್ಕಳದಲ್ಲಿ. ನಾನು ಹುಟ್ಟುವುದಕ್ಕೂ ಮೊದಲು ಅಲ್ಲಿ ಒಬ್ಬ ನವಾಯತ ಮುಸ್ಲಿಂ ಸಾಹೇಬರ ಮನೆಯನ್ನು ಕಟ್ಟಲು ಹೋಗಿದ್ದಾಗ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಆ ಸಾಹೇಬರೇ ಅವರನ್ನು ಕರೆದು ಕೂರಿಸಿಕೊಂಡು ಆಟ ಕಲಿಸಿದರಂತೆ. ಮನೆಯ ಕೆಲಸ ಮುಗಿದ ಮೇಲೂ ಅಪ್ಪ ಶುಕ್ರವಾರ ಬಿಟ್ಟು ಉಳಿದ ದಿನಗಳಲ್ಲಿ ಬಿಡುವಾದಾಗಲೆಲ್ಲ ಅಲ್ಲಿಗೆ ಹೋಗುತ್ತಿದ್ದರು. ಅವರಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂದದ್ದು ಹಳೆಯ ಆಟ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗುತ್ತದೆ. ರಾಜನಿಗೆ ಶಹ ಬಿದ್ದಿಲ್ಲದಿದ್ದರೆ, ಅಂದರೆ ಎದುರಾಳಿ ಒಮ್ಮೆಯೂ ಅವನ ಮೇಲೆ ನೇರ ದಾಳಿ ಮಾಡಿಲ್ಲದಿದ್ದರೆ, ಅವನು ಇಡೀ ಆಟದಲ್ಲಿ ಒಂದು ಸಲ ಕುದುರೆಯಂತೆ ಹಾರಬಹುದು. ಪಂದ್ಯಾವಳಿಗಳ ಆಟದಲ್ಲಿ ಈ ಹಾರಾಟವಿಲ್ಲ. ಅದರ ಬದಲಿಗೆ ರಾಜನನ್ನು ಎರಡು ಮನೆ ಸರಿಸಿ, ಆನೆಯನ್ನು ಅವನ ಪಕ್ಕಕ್ಕೆ ತಂದು ಕೋಟೆ ಕಟ್ಟುವ ಕ್ರಮವಿದೆ. ಪದವಿಯ ಎರಡನೆಯ ವರ್ಷದಲ್ಲಿ ಗ್ರಂಥಾಲಯದ ಪುಸ್ತಕವೊಂದರಲ್ಲಿ ಇದನ್ನು ಓದಿದಾಗ ನನಗೆ ಆದದ್ದು ಸಂತೋಷವಲ್ಲ, ನಾಚಿಕೆ. ಅಷ್ಟು ವರ್ಷ ತಪ್ಪು ಆಟ ಆಡಿದ್ದೆ ಎಂದುಕೊಂಡೆ. ಅಪ್ಪನಿಗೆ ಹೇಳಲಿಲ್ಲ.

ಪ್ರವೇಶ ಪತ್ರ ಕೊಟ್ಟ ದಿನ ಸಂಜೆ ಪಂದ್ಯಾವಳಿಯ ಕರಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಮನೆಯೊಳಗೆ ಹೋದದ್ದು ನನ್ನ ಅಜಾಗರೂಕತೆ.

"ಎಂತ ಅದು?" ಎಂದರು ಅಪ್ಪ.

"ಚೆಸ್ ಟೂರ್ನಮೆಂಟು. ಕುಮಟಾದಲ್ಲಿ."

"ಯಾರು ಬೇಕಾರೂ ಆಡಬಹುದಾ?"

"ಹವ್ಯಾಸಿಗಳಿಗೆ ಮಾತ್ರ."

"ಅಂದ್ರೆ?"

"ಅಂದ್ರೆ, ಹೊಟ್ಟೆಪಾಡಿಗೆ ಬೇರೆ ಕೆಲ್ಸ ಮಾಡ್ಕಂಡು, ಖುಷಿಗೆ ಆಡೋರು."

ಅಪ್ಪ ಕರಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡರು. "ಹಂಗಾರೆ ನಾನೂ ಅದೇ ಅಲ್ದಾ, ತಂಗಿ?"

ಅವರು ನನ್ನನ್ನು ಚಿಕ್ಕಂದಿನಿಂದಲೂ ಕರೆಯುವುದು ತಂಗಿ ಎಂದೇ. ಅಡುಗೆ ಮನೆಯಿಂದ ಅಮ್ಮ, "ಇಷ್ಟು ವರ್ಷ ಬರೀ ಭಟ್ಕಳಕ್ಕೆ ಹೋಗಿ ಹಾಳಾಗಿದ್ದು ಸಾಲ್ಲಿಲ್ಲ, ಇನ್ನು ಕುಮಟಾಕ್ಕೂ ಹೋಗ್ಲಿ" ಎಂದರು. ಮರುದಿನ ನಾನು ಇನ್ನೊಂದು ಪ್ರವೇಶ ಪತ್ರ ತಂದೆ. ನಾಲ್ಕನೆಯ ಇಯತ್ತೆಯವರೆಗೆ ಓದಿದ ಅಪ್ಪ ಕನ್ನಡವನ್ನು ನಿಧಾನವಾಗಿ ಓದಬಲ್ಲರು. ಬರೆಯುವುದನ್ನು ಮಾತ್ರ ನನಗೇ ಬಿಟ್ಟರು.

"ಕಲಿಸಿದೋರು ಯಾರು ಅಂತ ಕೇಳಿದ್ದಾರೆ" ಎಂದೆ.

"ಭಟ್ಕಳದ ಸಾಹೇಬ್ರು ಅಂತ ಬರಿ. ಅವ್ರು ಈಗ ಇಲ್ಲ ಅಂತಲೂ ಬರಿ."

"ಅದೆಲ್ಲ ಬರಿಯೋಕೆ ಜಾಗ ಇಲ್ಲ ಅಪ್ಪ."

"ಸಣ್ಣಗೆ ಬರಿ."

ಕಂಸದಲ್ಲಿ ದಿವಂಗತ ಎಂದು ಬರೆದೆ. ಅಪ್ಪ ಅದನ್ನು ಓದಿ ತಲೆಯಾಡಿಸಿ, "ನಿಂದ್ರಲ್ಲಿ ಎಂತ ಬರ್ದೆ?" ಎಂದು ಕೇಳಿದರು.

"ಇನ್ನೂ ತುಂಬ್ಲಿಲ್ಲ" ಎಂದೆ. ಸುಳ್ಳು ಅಷ್ಟು ಸಲೀಸಾಗಿ ಬರುತ್ತದೆಂದು ನಾನು ತಿಳಿದಿರಲಿಲ್ಲ.

ಅಪ್ಪನ ಪತ್ರವನ್ನು ಸಹೋದ್ಯೋಗಿಗೆ ಕೊಡುವಾಗ, ಇವರು ನನ್ನ ತಂದೆ ಎಂದು ನಾನು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಬದಲಿಗೆ ಇನ್ನೊಂದು ಮಾತು ಹೇಳಿದರು: ಆಟಗಾರರ ವಿವರಗಳನ್ನು, ತರಬೇತುದಾರರ ಹೆಸರಿನ ಸಮೇತ, ಕನ್ನಡದಲ್ಲಿ ಮುದ್ರಿಸಿ ಸಭಾಂಗಣದ ಗೋಡೆಗೆ ಅಂಟಿಸುತ್ತಾರಂತೆ. ನನ್ನ ಪತ್ರವನ್ನು ಹಿಂದಕ್ಕೆ ಕೇಳಿ ತಿದ್ದಲು ಆಗ ಎರಡು ನಿಮಿಷ ಸಾಕಿತ್ತು. ಆದರೆ ಏಕೆ ತಿದ್ದುತ್ತಿದ್ದೀರಿ ಎಂದು ಕೇಳಿದರೆ? ಎರಡು ದಿನಗಳ ಹಿಂದೆ ಆ ಕೊಠಡಿಯಲ್ಲಿ ನಕ್ಕವರಲ್ಲಿ ನಾನೂ ಒಬ್ಬಳು. ಪಂದ್ಯಾವಳಿಗೆ ಮೂರು ವಾರ ಉಳಿದಿತ್ತು. ಆ ಮೂರು ವಾರಗಳಲ್ಲಿ ನನಗೆ ಎರಡು ಭಯಗಳಿದ್ದವು: ಸಭಾಂಗಣದಲ್ಲಿ ಅಪ್ಪ ಹಳೆಯ ಆಟ ಆಡಿ ನಗೆಪಾಟಲಾಗಬಹುದು, ಅದಕ್ಕೂ ಮೊದಲೇ ಗೋಡೆಯ ಮೇಲಿನ ಪಟ್ಟಿಯನ್ನು ಓದಿಬಿಡಬಹುದು. ಎರಡನೆಯದಕ್ಕೆ ನನ್ನ ಬಳಿ ಪರಿಹಾರವಿರಲಿಲ್ಲ. ಆದ್ದರಿಂದ ಮೊದಲನೆಯದನ್ನು ಹಿಡಿದೆ.

ಹೊಸ ನಿಯಮಗಳನ್ನು ಹೇಗೆ ಹೇಳುವುದೆಂದು ಎರಡು ದಿನ ಮನಸ್ಸಿನಲ್ಲೇ ವಾಕ್ಯ ಜೋಡಿಸಿದೆ. 'ನೀನು ಕಲಿಸಿದ್ದು ತಪ್ಪು' ಎಂಬ ಅರ್ಥ ಎಲ್ಲಿಯೂ ಬರಬಾರದು. ಕೊನೆಗೆ, "ಅಪ್ಪ, ಅಲ್ಲಿ ಆಟ ಸ್ವಲ್ಪ ಬೇರೆ" ಎಂದು ಆರಂಭಿಸಿ ಎಲ್ಲವನ್ನೂ ಹೇಳಿದೆ. ಕಾಲಾಳಿನ ಎರಡು ಮನೆಯ ನಡೆಯನ್ನು ಅವರು ಒಪ್ಪಿದರು. ರಾಜನ ಹಾರಾಟ ಇಲ್ಲವೆಂದಾಗ ಮುಖ ಎತ್ತಿ ನೋಡಿದರು.

"ಮತ್ತೆ ಅವನು ತಪ್ಪಿಸ್ಕಂಬೂದು ಹ್ಯಾಂಗೆ?"

"ಕೋಟೆ ಕಟ್ಕಬೇಕು." ರಾಜನನ್ನೂ ಆನೆಯನ್ನೂ ಸರಿಸಿ ತೋರಿಸಿದೆ.

"ಊರ ತುಂಬ ಗೋಡೆ ಕಟ್ಟಿದೋನಿಗೆ ನೀನು ಕೋಟೆ ಕಟ್ಟೂದು ಕಲಿಸ್ತೆ" ಎಂದು ಅಪ್ಪ ನಕ್ಕರು. ನಗು ಬೇಗ ಇಳಿಯಿತು. "ರಾಜ ಆನೆ ಹಿಂದೆ ಹೋಗಿ ಅಡಗಿ ಕೂರೂದು. ಸಾಹೇಬ್ರು ಇದನ್ನ ನೋಡಿದ್ರೆ ಎಂತ ಅಂತಿದ್ರೋ."

ನಿಯಮಕ್ಕಿಂತ ಹೆಚ್ಚು ಕಷ್ಟ ಕೊಟ್ಟದ್ದು ಅವರ ಕೈ. ಚಿರೇಕಲ್ಲನ್ನು ಗೋಡೆಗೆ ಕೂರಿಸುವ ಮುನ್ನ ಅಪ್ಪ ಅದನ್ನು ಒಮ್ಮೆ ಜಾಗದಲ್ಲಿಟ್ಟು ನೋಡುತ್ತಾರೆ; ಮೂಲೆ ಎದ್ದಿದ್ದರೆ ತೆಗೆದು, ಕೆತ್ತಿ, ಮತ್ತೆ ಇಡುತ್ತಾರೆ. ಕಾಯಿಗಳನ್ನೂ ಅವರು ಹಾಗೆಯೇ ನಡೆಸುತ್ತಿದ್ದರು. ಕುದುರೆಯನ್ನು ಹೊಸ ಮನೆಯಲ್ಲಿಟ್ಟು, ಕಣ್ಣು ಕಿರಿದು ಮಾಡಿ ನೋಡಿ, ಸರಿಯಿಲ್ಲವೆನಿಸಿದರೆ ಹಿಂದಕ್ಕೆ ತರುತ್ತಿದ್ದರು. ನಮ್ಮ ಮನೆಯಲ್ಲಿ ಇದಕ್ಕೆ ಯಾರ ಆಕ್ಷೇಪವೂ ಇರಲಿಲ್ಲ. ಪಂದ್ಯಾವಳಿಯಲ್ಲಿ ಮಾತ್ರ ಮುಟ್ಟಿದ ಕಾಯಿಯನ್ನೇ ನಡೆಸಬೇಕು, ಬಿಟ್ಟ ಕಾಯಿಯನ್ನು ಮರಳಿ ಎತ್ತುವಂತಿಲ್ಲ.

ಮೊದಲ ವಾರವಿಡೀ ನಾನು ಅವರ ಕೈಯನ್ನು ಕಾಯ್ದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಒಂದು ಆಟ, ಸಂಜೆ ದೀಪ ಹಚ್ಚಿದ ಮೇಲೆ ಎರಡು. ಕೈ ಮುಂದೆ ಬಂದೊಡನೆ "ಅಪ್ಪ" ಎನ್ನುತ್ತಿದ್ದೆ. ಅವರು ಬೆಚ್ಚಿ ಕೈ ಹಿಂದೆಳೆದುಕೊಳ್ಳುತ್ತಿದ್ದರು. ಆ ಬೆಚ್ಚುವಿಕೆಯನ್ನು ನೋಡುವುದು ನನಗೆ ಹಿತವಾಗಿರಲಿಲ್ಲ, ಆದರೂ ಬಿಡಲಿಲ್ಲ. ಒಮ್ಮೆ ಅಮ್ಮ ಹೊರಗೆ ಬಂದು, "ಅವ್ರ ಕೈ ಮೇಲೆ ಹಲ್ಲಿ ಬಿದ್ದಾಂಗೆ ಕೂಗ್ತೀಯಲ್ಲೇ ಮಾರಾಯ್ತಿ. ದಿನವಿಡೀ ಕಲ್ಲು ಹೊತ್ತು ಬಂದ ಮನಿಷ" ಎಂದು ಗದರಿದರು.

ಎಂಟನೆಯ ದಿನ ಅಪ್ಪ ತಾವೇ ಒಂದು ಉಪಾಯ ಕಂಡುಕೊಂಡು ಬಂದರು. ಗೋಡೆಯ ನೇರ ನೋಡಲು ಬಳಸುವ ದಾರವನ್ನು ಸುತ್ತಿ ಬಲಗೈಯ ಮುಷ್ಟಿಯಲ್ಲಿ ಹಿಡಿದು ಆಟಕ್ಕೆ ಕುಳಿತರು. ಕಾಯಿ ಮುಟ್ಟಬೇಕಾದರೆ ಮೊದಲು ದಾರದ ಉಂಡೆಯನ್ನು ಕೆಳಗಿಡಬೇಕು. ಕೆಳಗಿಡುವಷ್ಟರಲ್ಲಿ ಯೋಚನೆ ಮುಗಿದಿರುತ್ತಿತ್ತು. ಆ ಸಂಜೆ ಒಂದು ಸಲವೂ ನಾನು "ಅಪ್ಪ" ಎನ್ನಬೇಕಾಗಲಿಲ್ಲ. ನಾನು ಮೆಚ್ಚಿ ಮಾತನಾಡಬೇಕಿತ್ತು. ಬದಲಿಗೆ, "ಅಲ್ಲಿಗೆ ಮಾತ್ರ ಅದನ್ನ ತರಬೇಡ, ಸಿಮೆಂಟ್ ಹಿಡಿದಿದೆ" ಎಂದೆ.

"ತೊಳ್ಕಂಡು ತರ್ತೆ" ಎಂದರು ಅಪ್ಪ.

ಗಡಿಯಾರದ ಅಭ್ಯಾಸ ಬೇರೆಯೇ ಪಾಡಾಯಿತು. ಒಬ್ಬೊಬ್ಬರಿಗೆ ಅರ್ಧ ಗಂಟೆ. ನಡೆ ಮುಗಿಸಿದವರು ಅದೇ ಕೈಯಿಂದ ಗುಂಡಿ ಒತ್ತಬೇಕು. ನನ್ನ ಮೊಬೈಲಿನಲ್ಲಿ ಅಂಥ ಗಡಿಯಾರವನ್ನು ಹಾಕಿಕೊಂಡೆ. ಆದರೆ ಕಲ್ಲು ಹಿಡಿದು ದಡ್ಡುಗಟ್ಟಿದ ಅಪ್ಪನ ಬೆರಳನ್ನು ಮೊಬೈಲು ಗುರುತಿಸಲೇ ಇಲ್ಲ. ಎಷ್ಟು ಒತ್ತಿದರೂ ಅವರ ಸಮಯವೇ ಓಡುತ್ತಿತ್ತು. ಕೊನೆಗೆ ಅಮ್ಮನ ಸ್ಟೀಲ್ ಡಬ್ಬಿಯೊಂದನ್ನು ಮಗುಚಿ ಹಾಕಿಕೊಂಡೆವು. ಅಪ್ಪ ಡಬ್ಬಿ ತಟ್ಟಿದೊಡನೆ ನಾನು ಮೊಬೈಲು ಒತ್ತುತ್ತಿದ್ದೆ.

"ನಗ್ಗಿದ್ರೆ ಹೊಸಾದು ತಂದುಕೊಡಿ" ಎಂದರು ಅಮ್ಮ. "ಗೆದ್ದೋರಿಗೆ ಡಬ್ಬಿ ಏನಾದ್ರೂ ಕೊಡ್ತಾರಾ ಅಲ್ಲಿ?"

ನಾನು ಒಂದು ನೋಟುಪುಸ್ತಕದಲ್ಲಿ ಅಪ್ಪನಿಗಾಗಿ ಪಟ್ಟಿ ಮಾಡಿದ್ದೆ. ಮೊಬೈಲು ಬಂದ್ ಮಾಡಬೇಕು. 'ಶಹ' ಎಂದು ಕೂಗಬಾರದು. ಎದುರಾಳಿಯ ಆಟವನ್ನು ಹೊಗಳಬಾರದು. ನಿಯಮ ಮೀರಿದ ನಡೆ ಒಂದಾದರೆ ಎದುರಾಳಿಗೆ ಎರಡು ನಿಮಿಷ ಹೆಚ್ಚು ಸಿಗುತ್ತದೆ, ಎರಡಾದರೆ ಆಟವೇ ಹೋಗುತ್ತದೆ. ದಿನವೂ ಇದನ್ನು ಓದಿ ಹೇಳುತ್ತಿದ್ದೆ. ನನ್ನ ಸ್ವಂತ ಆಟಕ್ಕೆಂದು ಗ್ರಂಥಾಲಯದಿಂದ ತಂದಿದ್ದ ಪುಸ್ತಕ ಹದಿನೆಂಟನೆಯ ಪುಟದಲ್ಲೇ ನಿಂತಿತ್ತು. ಅದನ್ನು ಅಪ್ಪ ಗಮನಿಸಿದ್ದರು.

"ನಿಂದು ಎಂತ ಆತು, ತಂಗಿ? ಬರೀ ನಂದೇ ನೋಡ್ತೆ."

"ನಂಗೆ ಬರ್ತದೆ" ಎಂದೆ.

ಪಂದ್ಯದ ಹಿಂದಿನ ದಿನ ಪಾಠ ಮುಗಿಸಿ, ಸಭಾಂಗಣವನ್ನು ನೋಡಿಕೊಂಡು ಬರಲು ಹೋದೆ. ಮೇಜುಗಳನ್ನು ಸಾಲಾಗಿ ಇಟ್ಟಿದ್ದರು. ಪಟ್ಟಿಯನ್ನು ಆಗಲೇ ಅಂಟಿಸಿಬಿಟ್ಟಿದ್ದರು, ಬಾಗಿಲಿನ ಬಲಕ್ಕೆ, ಕಣ್ಣಿನ ಎತ್ತರಕ್ಕೆ. ನನ್ನ ಹೆಸರು ಮತ್ತು ಅಪ್ಪನ ಹೆಸರು ಒಂದರ ಕೆಳಗೊಂದು ಇದ್ದವು. ಸುತ್ತ ಯಾರೂ ಇರಲಿಲ್ಲ. ಕೈಚೀಲದಲ್ಲಿ ಪೆನ್ನಿತ್ತು. ಹೊರಗಿನಿಂದ ಯಾರೋ ಕುರ್ಚಿ ಎಳೆದ ಸದ್ದಾಯಿತು. ನಾನು ಕಳ್ಳಿಯಂತೆ ಹೊರಬಂದು ಬಸ್ಸು ಹತ್ತಿದೆ. ಹೊನ್ನಾವರ ದಾಟುವವರೆಗೂ ಕೈ ಚೀಲದೊಳಗೇ ಇತ್ತು, ಪೆನ್ನಿನ ಮೇಲೆ.

ಮರುದಿನ ಬೆಳಿಗ್ಗೆ ಅಪ್ಪ ಬಿಳಿ ಅಂಗಿ ತೊಟ್ಟು, ಜೇಬಿನಲ್ಲಿ ತೊಳೆದ ದಾರದ ಉಂಡೆ ಇಟ್ಟುಕೊಂಡು ಸಿದ್ಧರಾಗಿದ್ದರು. ಸಭಾಂಗಣದ ಬಾಗಿಲಲ್ಲಿ ನಾನು ಅವರನ್ನು ಎಡಕ್ಕೆ ಕರೆದೊಯ್ಯಲು ನೋಡಿದೆ. ಜನ ಗುಂಪುಗಟ್ಟಿ ಪಟ್ಟಿ ನೋಡುತ್ತಿದ್ದುದರಿಂದ ಅವರೂ ಅಲ್ಲಿಗೇ ಹೋದರು. ತೋರುಬೆರಳಿಟ್ಟು ಹೆಸರುಗಳ ಮೇಲೆ ನಿಧಾನವಾಗಿ ಕೆಳಗಿಳಿದರು. ಒಂದು ಕಡೆ ಬೆರಳು ನಿಂತಿತು. ಅಲ್ಲಿಂದ ಅಡ್ಡಕ್ಕೆ ಸರಿದು, ಮತ್ತೆ ನಿಂತಿತು. ಅವರ ತುಟಿ ಅಲುಗುತ್ತಿತ್ತು. ಯಾವ ಸಾಲನ್ನು ಓದುತ್ತಿದ್ದಾರೆಂದು ಹಿಂದೆ ನಿಂತ ನನಗೆ ತಿಳಿಯಲಿಲ್ಲ.

"ಸಾಹೇಬ್ರ ಹೆಸರು ಸರೀ ಹಾಕಿದ್ದಾರೆ" ಎಂದು ತಿರುಗಿದರು. "ನಡಿ, ಹೊತ್ತಾತು."

ಮೊದಲ ಸುತ್ತಿನಲ್ಲಿ ಅಪ್ಪ ಸೋತರು, ಆದರೆ ನಿಯಮ ಮೀರಲಿಲ್ಲ. ನಾನು ಸಮ ಮಾಡಿಕೊಂಡೆ. ಎರಡನೆಯದರಲ್ಲಿ ಅಪ್ಪ ಗೆದ್ದರು. ನಾನು ನನ್ನ ಹಲಗೆಗಿಂತ ಹೆಚ್ಚಾಗಿ ಅವರ ಕೈಯನ್ನೇ ನೋಡುತ್ತಾ ಸೋತೆ. ಪಂದ್ಯದ ತೀರ್ಪುಗಾರರು ಹೊನ್ನಾವರದ ಕಡೆಯ ಒಬ್ಬ ನಿವೃತ್ತ ಮುಖ್ಯಾಧ್ಯಾಪಕರು. ಅವರು ಅಪ್ಪನ ಮುಷ್ಟಿಯನ್ನು ಬಿಡಿಸಿ ನೋಡಿ, "ದಾರ ಅಷ್ಟೇಯಾ? ಇಟ್ಕಳಿ" ಎಂದು ಮುಂದೆ ಹೋದರು.

ಮೂರನೆಯ ಸುತ್ತಿನಲ್ಲಿ ನನಗೆ ಎದುರಾದವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು. ಪಕ್ಕದ ಮೇಜಿನಲ್ಲೇ ಅಪ್ಪ. ಈ ಸಲ ಚೆನ್ನಾಗಿ ಆಡಿದೆ. ಎದುರಾಳಿಯ ಆನೆಯೊಂದು ಸಿಕ್ಕಿಬೀಳುವ ಹಾಗಿತ್ತು. ಅದನ್ನು ಹಿಡಿಯಲು ನನಗೆ ಒಂದೇ ಒಂದು ಕಾಯಿಯ ಕೊರತೆಯಿತ್ತು. ಗಡಿಯಾರದಲ್ಲಿ ಮೂರು ನಿಮಿಷ ಉಳಿದಿತ್ತು. ಗಣಿತದ ಸಹೋದ್ಯೋಗಿ ಬಂದು ನನ್ನ ಹಿಂದೆ ನಿಂತರು. ಎರಡು ನಿಮಿಷಕ್ಕೆ ಬಂತು. ಆಗ, ಎಲ್ಲವೂ ಒಮ್ಮೆಲೇ ತಿಳಿಯಾಗಿ ಕಂಡಿತು. ನನ್ನ ರಾಜನಿಗೆ ಆ ತನಕ ಒಂದೂ ಶಹ ಬಿದ್ದಿರಲಿಲ್ಲ. ಅವನ ಹಾರಾಟ ಇನ್ನೂ ಬಾಕಿಯಿತ್ತು. ರಾಜನನ್ನು ಎತ್ತಿ, ಎರಡು ಮನೆ ಮುಂದೆ, ಒಂದು ಮನೆ ಪಕ್ಕಕ್ಕೆ ಇಟ್ಟು, ಗುಂಡಿ ಒತ್ತಿದೆ.

ಬ್ಯಾಂಕಿನವರು ಹಲಗೆಯನ್ನು ನೋಡಿದರು, ನನ್ನನ್ನು ನೋಡಿದರು, ಕೈ ಎತ್ತಿ ತೀರ್ಪುಗಾರರನ್ನು ಕರೆದರು.

ತೀರ್ಪುಗಾರರು ಗಡಿಯಾರ ನಿಲ್ಲಿಸಿದರು. ರಾಜನನ್ನು ಮೊದಲಿನ ಮನೆಗೆ ತಂದಿಟ್ಟು, ಎದುರಾಳಿಗೆ ಎರಡು ನಿಮಿಷ ಸೇರಿಸಿದರು. "ಮುಟ್ಟಿದ್ದು ರಾಜನ್ನ. ಹಾಂಗಾಗಿ ಅವನ್ನೇ ನಡೆಸ್ಬೇಕು, ಒಂದು ಮನೆ" ಎಂದರು. ನನ್ನ ಮುಖವನ್ನು ನೋಡಿ ಧ್ವನಿ ತಗ್ಗಿಸಿದರು. "ಇದು ಹಳೇ ಆಟ ಅಲ್ವಾ ಅಮ್ಮ? ನಮ್ಮ ಅಜ್ಜ ಆಡ್ತಿದ್ರು. ಪಟ್ಟಿಯಲ್ಲಿ ನಿಮ್ದು ಸ್ವಂತ ಅಭ್ಯಾಸ ಅಂತ ಇತ್ತು. ಇದನ್ನ ಯಾರು ಕಲಿಸಿದ್ರು?"

ಅವರು ಕೇಳಿದ್ದು ಕುತೂಹಲಕ್ಕೆ. ಹಿಂದೆ ಸಹೋದ್ಯೋಗಿ ನಿಂತಿದ್ದರು. ಪಕ್ಕದ ಮೇಜಿನಲ್ಲಿ ಅಪ್ಪನ ಮುಷ್ಟಿ ದಾರದ ಮೇಲೆ ಬಿಗಿಯಾಗಿತ್ತು. ಅವರು ತಮ್ಮ ಹಲಗೆಯಿಂದ ಕಣ್ಣು ಎತ್ತಲಿಲ್ಲ. ಗಡಿಬಿಡಿಯಲ್ಲಿ ತಪ್ಪಾಯಿತು ಸರ್ ಎಂಬ ವಾಕ್ಯ ನಾಲಿಗೆಯ ತುದಿಯಲ್ಲಿ ಸಿದ್ಧವಿತ್ತು. ಅಷ್ಟನ್ನೇ ಹೇಳಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ.

"ನಮ್ಮಪ್ಪ ಕಲಿಸಿದ್ದು" ಎಂದೆ. "ಫಾರ್ಮಿನಲ್ಲಿ ನಾನೇ ತಪ್ಪು ಬರ್ದೆ. ಇಲ್ಲೇ ಪಕ್ಕದಲ್ಲಿ ಆಡ್ತಾ ಇದ್ದಾರಲ್ಲ, ಅವ್ರು."

ಸಹೋದ್ಯೋಗಿ ನಗಲಿಲ್ಲ. ಅಪ್ಪನ ಕಡೆ ಒಮ್ಮೆ ನೋಡಿ, ಕೆಮ್ಮಿದಂತೆ ಮಾಡಿ, ಮುಂದಿನ ಮೇಜಿಗೆ ಹೋದರು. ತೀರ್ಪುಗಾರರು "ಆತು, ಆಡಿ" ಎಂದು ಗಡಿಯಾರ ಚಾಲೂ ಮಾಡಿದರು. ರಾಜ ಒಂದು ಮನೆ ಸರಿದ. ಆನೆ ತಪ್ಪಿಸಿಕೊಂಡಿತು. ಎಂಟು ನಡೆಗಳಲ್ಲಿ ಸೋತೆ.

ಊಟದ ಬಿಡುವಿನಲ್ಲಿ ಅಮ್ಮ ಕಟ್ಟಿಕೊಟ್ಟಿದ್ದ ದೋಸೆಯನ್ನು ಸಭಾಂಗಣದ ಮೆಟ್ಟಿಲ ಮೇಲೆ ಕುಳಿತು ತಿಂದೆವು. ಅಪ್ಪನೇ ಮಾತು ತೆಗೆದರು.

"ಬೆಳಿಗ್ಗೇನೇ ಓದ್ದೆ, ಗೋಡೆ ಮೇಲಿದ್ದನ್ನ."

ಕೈಯಲ್ಲಿದ್ದ ದೋಸೆಯನ್ನು ಕೆಳಗಿಟ್ಟೆ. "ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

"ಆಟಕ್ಕೆ ಕೂರೋರಿಗೆ ಎಂತ ಹೇಳೂದು? ಮೊದ್ಲೇ ನೀನು ನಡುಗ್ತಿದ್ದೆ." ಇನ್ನೊಂದು ತುಂಡು ದೋಸೆ ಮುರಿದುಕೊಂಡು, "ಅದೇನು ಪೂರ್ತಿ ಸುಳ್ಳಲ್ಲ. ನಾನು ಕೆಲ್ಸಕ್ಕೆ ಹೋದಾಗ ಒಬ್ಳೇ ಎರಡೂ ಕಡೆ ಕೂತು ಆಡ್ತಿದ್ದೆ ಅಲ್ದಾ. ಅದು ಸ್ವಂತದ್ದೇ" ಎಂದರು.

ಅಪ್ಪ ಕೈ ತೊಳೆದು, ಅಂಗಿಗೆ ಒರೆಸಿಕೊಳ್ಳಲು ಹೋಗಿ, ಬಿಳಿಯದೆಂದು ನೆನಪಾಗಿ ಬಿಟ್ಟರು.

"ಆದ್ರೆ ಆ ಹಾರಿಸಿದ್ದು ನಂದು. ಅದನ್ನ ಸ್ವಂತ ಅಂತ ಬರ್ಕಬೇಡ." ಅವರ ಕಣ್ಣಲ್ಲಿ ತುಸು ನಗುವಿತ್ತು. "ನೀನು ಜಾಗ ಸರೀ ನೋಡಿದ್ದೆ. ಸಾಹೇಬ್ರ ಮನೆ ಜಗಲಿಯಾದ್ರೆ ಅಲ್ಲಿಗೆ ಆ ಬ್ಯಾಂಕಿನೋರ ಆನೆ ಹೋಗ್ತಿತ್ತು, ಆಟನೂ ಹೋಗ್ತಿತ್ತು."

ನಾಲ್ಕನೆಯ ಸುತ್ತಿಗೆ ಕರೆದರು. ಬಾಗಿಲಿನ ಬಳಿ ನಾನು ಪೆನ್ನು ತೆಗೆದು, ಪಟ್ಟಿಯಲ್ಲಿ ನನ್ನ ಹೆಸರಿನ ಮುಂದಿದ್ದ ಎರಡು ಪದಗಳ ಮೇಲೆ ಗೆರೆ ಎಳೆದು, ಇದ್ದ ಜಾಗದಲ್ಲಿ ಸಣ್ಣಗೆ 'ತಂದೆ' ಎಂದು ಬರೆದೆ. ಹಿಂದೆ ಇಬ್ಬರು ಆಟಗಾರರು ತಮ್ಮ ಮೇಜಿನ ಸಂಖ್ಯೆ ನೋಡಲು ಕಾಯುತ್ತಿದ್ದರು. ಅವರು ನೋಡುತ್ತಿದ್ದಾರೆಂದು ಗೊತ್ತಿದ್ದೇ ಬರೆದೆ.

ಆ ಸುತ್ತಿನಲ್ಲಿ ಅಪ್ಪನ ಮೇಜು ನನಗೆ ದೂರವಿತ್ತು. ಏಳೆಂಟು ನಡೆಗಳಾದ ಮೇಲೆ, ನನ್ನ ಎದುರಾಳಿ ಯೋಚಿಸುತ್ತಿದ್ದಾಗ, ಒಮ್ಮೆ ಆ ಕಡೆ ನೋಡಿದೆ. ಅಪ್ಪ ದಾರದ ಉಂಡೆಯನ್ನು ಮೇಜಿನ ಮೇಲಿಟ್ಟರು. ರಾಜನನ್ನು ಎತ್ತಿ ಎರಡು ಮನೆ ಪಕ್ಕಕ್ಕೆ ಇಟ್ಟರು. ಅದೇ ಕೈಯಿಂದ ಆನೆಯನ್ನು ತಂದು ಅವನ ಆಚೆ ಬದಿಗೆ ಕೂರಿಸಿದರು. ಗುಂಡಿ ಒತ್ತಿ, ತಲೆಯನ್ನು ಸ್ವಲ್ಪ ಹಿಂದಕ್ಕೆ ತೆಗೆದು, ಕಣ್ಣು ಕಿರಿದು ಮಾಡಿ, ಕಟ್ಟಿದ್ದು ನೇರವಾಗಿದೆಯೇ ಎಂದು ನೋಡಿದರು.